ಗಾಬರಿಯಾದಾಗ ಕೈ ಯಾಕೆ ನಡುಗುತ್ತದೆ?

ಪರೀಕ್ಷೆಗೋ ಇಂಟರ್‌ವ್ಯೂಗೋ ಹೊರಟಾಗ ಎದೆ ಢವಢವ, ಅಂಗೈಯಲ್ಲಿ ಬೆವರು, ಹೊಟ್ಟೆಯಲ್ಲಿ ಏನೋ ತಳಮಳ. ಇಂಗ್ಲಿಷ್ ಆಡುಮಾತಿನಲ್ಲಿ ಇದಕ್ಕೆ ‘ಜಿಟರ್ಸ್’ ಅನ್ನುತ್ತಾರೆ. 1920ರ ದಶಕದ ಕೊನೆಗೆ ಅಮೆರಿಕದಲ್ಲಿ ಚಾಲ್ತಿಗೆ ಬಂದ ಪದ. ಇದು ಕಾಯಿಲೆಯ ಹೆಸರಲ್ಲ, ಆ ಗಳಿಗೆ ದಾಟಿದರೆ ತಾನಾಗಿ ಇಳಿಯುತ್ತದೆ. ತಿಂಗಳುಗಟ್ಟಲೆ ಬಿಡದೆ ಕಾಡುವ ಆತಂಕ ಬೇರೆ, ಅದಕ್ಕೆ ವೈದ್ಯರ ನೆರವು ಬೇಕು.

ಜನ ಜಾಸ್ತಿ ನಾಚಿಕೊಳ್ಳುವುದು ಕೈ ನಡುಕಕ್ಕೆ. ನಿಜ ಹೇಳಬೇಕೆಂದರೆ ಕೈ ಯಾವಾಗಲೂ ನಡುಗುತ್ತಲೇ ಇರುತ್ತದೆ. ಈಗಲೇ ಕೈ ಮುಂದೆ ಚಾಚಿ, ಬೆರಳು ಬಿಡಿಸಿ, ಮೇಲೊಂದು ತೆಳು ಹಾಳೆ ಇಟ್ಟು ನೋಡಿ. ಹಾಳೆಯ ಅಂಚು ಸಣ್ಣಗೆ ಅದುರುತ್ತದೆ, ಅಲ್ವಾ? ಆರೋಗ್ಯವಾಗಿರುವವರ ಕೈಯೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಹೀಗೆ ಅಲುಗುತ್ತದೆ. ಗಾಬರಿಯಾದಾಗ ಕಿಡ್ನಿಗಳ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಅನ್ನುವ ಹಾರ್ಮೋನ್ ಬಿಡುತ್ತವೆ. ಅದರ ಸಂದೇಶ ಹಿಡಿಯಲು ಸ್ನಾಯುಗಳಲ್ಲಿ ‘ಬೀಟಾ ಗ್ರಾಹಕ’ಗಳೆಂಬ ಅಣುಗಳಿವೆ; ಅಡ್ರಿನಲಿನ್ ಅವನ್ನು ಮುಟ್ಟಿದಾಗ ಅದೇ ಹಳೆಯ ಅದುರಾಟ ಎದ್ದು ಕಾಣುವಷ್ಟು ದೊಡ್ಡದಾಗುತ್ತದೆ. ಹೊಸದಾಗಿ ಏನೂ ಕೆಟ್ಟಿರುವುದಿಲ್ಲ. ಕೆಲವು ಸಂಗೀತಗಾರರು ವೇದಿಕೆ ಹತ್ತುವ ಮುಂಚೆ ತೆಗೆದುಕೊಳ್ಳುವ ಪ್ರೊಪ್ರನೊಲಾಲ್ ಮಾತ್ರೆ ತಡೆಯುವುದು ಈ ಗ್ರಾಹಕಗಳನ್ನೇ. ಹಾಗಂತ ಸುಮ್ನೆ ನುಂಗುವ ಮಾತ್ರೆ ಅಲ್ಲ ಅದು. ಆಸ್ತಮಾ ಇರುವವರಿಗಂತೂ ಅಪಾಯ.

ಹೊಟ್ಟೆಯ ತಳಮಳದ ಸುಳಿವು ಸಿಕ್ಕಿದ್ದು ಬೆಕ್ಕುಗಳಿಂದ. 1890ರ ದಶಕದ ಕೊನೆಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕ ವಾಲ್ಟರ್ ಕ್ಯಾನನ್, ಉಂಡ ಬೆಕ್ಕಿನ ಹೊಟ್ಟೆಯನ್ನು ಆಗಷ್ಟೇ ಬಂದಿದ್ದ ಎಕ್ಸ್-ರೇಯಲ್ಲಿ ನೋಡುತ್ತಿದ್ದರು. ಹೊಟ್ಟೆಯ ಗೋಡೆ ಅಲೆ ಅಲೆಯಾಗಿ ಹಿಂಡುತ್ತಿತ್ತು. ಬೆಕ್ಕು ಕಂಗಾಲಾದ ಕೂಡಲೇ ಅಲೆ ನಿಂತುಬಿಡುತ್ತಿತ್ತು. ಸಮಾಧಾನವಾದ ಮೇಲೆ ಮತ್ತೆ ಶುರು. ಅಪಾಯ ಎದುರಿಗಿದ್ದಾಗ ಊಟ ಅರಗಿಸುವ ಕೆಲಸ ಆಮೇಲೆ ಆದರೂ ನಡೆಯುತ್ತದೆ. ರಕ್ತ ಮೊದಲು ಕೈಕಾಲಿನ ಸ್ನಾಯುಗಳಿಗೆ ಬೇಕು.

ಹಾಗಾಗಿ ‘ಗಾಬರಿಯಾಗಬೇಡ, ಶಾಂತವಾಗಿರು’ ಅನ್ನುವ ಸಲಹೆ ನನಗೆ ಅಷ್ಟು ಸರಿ ಕಾಣುವುದಿಲ್ಲ. ಸಜ್ಜಾಗಿ ನಿಂತ ದೇಹವನ್ನು ಎರಡು ನಿಮಿಷದಲ್ಲಿ ತಣ್ಣಗಾಗಿಸುವುದು ಕಷ್ಟ. 2014ರಲ್ಲಿ ಅಮೆರಿಕದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ ಇನ್ನೊಂದು ದಾರಿ ಪರೀಕ್ಷಿಸಿದರು. ಭಾಷಣಕ್ಕೆ ಮುಂಚೆ ಕೆಲವರಿಗೆ ‘ನಾನು ಶಾಂತವಾಗಿದ್ದೇನೆ’ ಅಂತ, ಇನ್ನು ಕೆಲವರಿಗೆ ‘ನನಗೆ ಹುಮ್ಮಸ್ಸು ಬಂದಿದೆ’ ಅಂತ ಗಟ್ಟಿಯಾಗಿ ಹೇಳಿಕೊಳ್ಳಲು ಹೇಳಿದರು. ಕೇಳಿದವರಿಗೆ ಹಿಡಿಸಿದ್ದು ಹುಮ್ಮಸ್ಸಿನವರ ಮಾತು. ಹಾಡಿಸಿ ನೋಡಿದಾಗಲೂ ಹುಮ್ಮಸ್ಸು ಅಂದವರೇ ಚೆನ್ನಾಗಿ ಹಾಡಿದರು. ಹಾಗಂತ ಅವರ ಎದೆಬಡಿತವೇನೂ ತಗ್ಗಿರಲಿಲ್ಲ.