ಸರ್ಕಾರ ಕೊಟ್ಟ ಕಲ್ಲಿದ್ದಲು ಗಣಿನ ಕೋರ್ಟ್ ಹೆಂಗ ರದ್ದು ಮಾಡ್ತದ?

ಪ್ರಶ್ನೆ: ಗಣಿ ಕೊಟ್ಟಿದ್ದು ಸರ್ಕಾರ, ಕಂಪನಿ ರೊಕ್ಕ ಸುರದು ಕಲ್ಲಿದ್ದಲು ತಗ್ಯಾಕ ಶುರು ಮಾಡಿದ ಮ್ಯಾಲ ಕೋರ್ಟ್ ನಡುವ ಬಂದು ರದ್ದು ಅಂದ್ರ ಹೆಂಗ್ರಿ? ಜಡ್ಜ್‌ಗಳಿಗೆ ಗಣಿ ಬಗ್ಗೆ ಏನ್ ಗೊತ್ತಿರ್ತದ?

ರಾಯಚೂರಿನ ಥರ್ಮಲ್ ಸ್ಥಾವರ ಇರೋ ಶಕ್ತಿನಗರ, ಯರಮರಸ್ ಕಡೆ ಕಲ್ಲಿದ್ದಲು ರೈಲು ತಡ ಆದಾಗೆಲ್ಲ ಈ ಮಾತು ಬಂದೇ ಬರ್ತದ. ಗಣಿ ಬಗ್ಗೆ ಜಡ್ಜ್‌ಗಳಿಗೆ ಗೊತ್ತಿರ್ಬೇಕು ಅಂತೇನಿಲ್ರಿ, ಕೋರ್ಟ್ ನೋಡೋದು ಫೈಲನ್ನ. ಯಾರಿಗೆ ಕೊಟ್ರ ಚಲೋ ಅನ್ನೋದು ಸರ್ಕಾರದ ತಲಿನೋವು, ಆದ್ರ ಹೆಂಗ ಕೊಟ್ರಿ, ಕಾನೂನಿನ್ಯಾಗ ಆ ಅಧಿಕಾರ ನಿಮಗಿತ್ತಾ, ಅರ್ಜಿ ಹಾಕಿದ ಎಲ್ಲಾರಿಗೂ ಒಂದ ಅಳತಿ ಹಿಡಿದ್ರಾ, ಒಬ್ಬರನ್ನ ಬಿಟ್ಟು ಇನ್ನೊಬ್ಬರನ್ನ ಯಾಕ ಆರಿಸಿದ್ರಿ ಅಂತ ಬರ್ದಿಟ್ಟೀರಾ, ಇಷ್ಟು ಕೇಳ್ತದ. 1994ರ ಟಾಟಾ ಸೆಲ್ಯುಲರ್ ಕೇಸಿನ್ಯಾಗ (ಮೊಬೈಲ್ ಫೋನ್ ಟೆಂಡರ್ ಕೇಸು ಅದು) ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನ.

2014ರಾಗ ಸುಪ್ರೀಂ ಕೋರ್ಟಿನ್ಯಾಗ ಸರ್ಕಾರ ಸಿಕ್ಕಿಬಿದ್ದಿದ್ದು ಇಲ್ಲೇ. 1993ರಿಂದ ಕೇಂದ್ರ ಸರ್ಕಾರದ ಸ್ಕ್ರೀನಿಂಗ್ ಕಮಿಟಿ ಅಂತ ಒಂದಿತ್ತು, 36 ಮೀಟಿಂಗ್ ಮಾಡಿ ಗಣಿ ಹಂಚಿತ್ತು, ಹರಾಜಿಲ್ಲ, ಆರಿಸೋಕ ಗಟ್ಟಿ ಮಾನದಂಡ ಇಲ್ಲ. ಆಗಸ್ಟ್ 25ಕ್ಕ ಹಂಚಿಕಿನೇ ಅಕ್ರಮ ಅಂತ ತೀರ್ಪು ಬಂತು, ಸೆಪ್ಟೆಂಬರ್ 24ಕ್ಕ 218 ಗಣಿ ಬ್ಲಾಕಿನ್ಯಾಗ 204 ರದ್ದು. ಮ್ಯಾಲ ಅಗದ ಕಲ್ಲಿದ್ದಲಿಗೆ ಟನ್ನಿಗೆ 295 ರೂಪಾಯಿ ಕಟ್ರಿ ಅಂತನೂ ಆತು. ಇಷ್ಟು ರೊಕ್ಕ ಹಾಕೀವಿ ಅಂತ ಕಂಪನಿಗಳು ಎಷ್ಟ ಹೇಳಿದ್ರೂ ನಡೀಲಿಲ್ಲ, ನಂಗ ಅನ್ಸೋದು ಈ ಪೈಕಿ ನಿಯತ್ತಿನಿಂದ ದುಡದವ್ರೂ ಇರ್ಬಹುದು, ಆದ್ರ ಕೊಟ್ಟ ಕೈಯೇ ತಪ್ಪು ಮಾಡಿದ್ರ ತಗೊಂಡವ್ರ ನಿಯತ್ತು ಲೆಕ್ಕಕ್ಕ ಬರಂಗಿಲ್ಲ.

ನಮ್ಮ ಕಡಿಗೂ ಬಿಸಿ ತಟ್ಟಿತ್ತು. ಕುಡತಿನಿ ಹತ್ರದ ಬಳ್ಳಾರಿ ಥರ್ಮಲ್‌ಗೆ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲಾದ ಬರಂಜ್ ಗಣಿಯಿಂದ ಕಲ್ಲಿದ್ದಲು ಬರ್ತಿತ್ತು, ಅದನ್ನ ನಡಸ್ತಿದ್ದಿದ್ದು ರಾಜ್ಯ ಸರ್ಕಾರದ ವಿದ್ಯುತ್ ಕಂಪನಿ ಕೆಪಿಸಿಎಲ್ ಮತ್ತ ಖಾಸಗಿ ಗಣಿ ಕಂಪನಿ ಎಮ್ಟಾ ಸೇರಿ ಮಾಡಿದ ಕಂಪನಿ, ಅದ್ರಾಗ ಕೆಪಿಸಿಎಲ್ ಪಾಲು 26 ಪರ್ಸೆಂಟ್. ಸರ್ಕಾರಿ ಕಂಪನಿ ಪಾಲುದಾರ ಅಂತ ಕೋರ್ಟ್ ಬಿಡ್ಲಿಲ್ಲ. ಕಲ್ಲಿದ್ದಲು ತಗೀತಿದ್ದ ಗಣಿಗಳಿಗೆ 2015 ಮಾರ್ಚ್ 31ರ ತನಕ ಟೈಮ್ ಕೊಡ್ತು ಅಷ್ಟ. ಆಮ್ಯಾಲ 2015ರ ಹೊಸ ಕಾಯ್ದೆ ಪ್ರಕಾರ ಬರಂಜ್ ಸೀದಾ ಕೆಪಿಸಿಎಲ್‌ಗೇ ಬಂತು.

ಕೋರ್ಟ್ ಹಿಂಗ ಫೈಲು ನೋಡೋದು ಕಂಪನಿಗಳಿಗೂ ಉಪಯೋಗ ಆಗ್ತದ, ಇದನ್ನ ಭಾಳ ಮಂದಿ ಮರೀತಾರ. ಇಲಾಖೆ ಲೈಸೆನ್ಸ್ ಕಿತ್ಕೊಂಡ್ರ ಸಂವಿಧಾನದ 226ನೇ ವಿಧಿ ಪ್ರಕಾರ ಹೈಕೋರ್ಟಿಗೆ ರಿಟ್ (ಸರ್ಕಾರದ ಆದೇಶ ಪ್ರಶ್ನೆ ಮಾಡೋ ಅರ್ಜಿ) ಹಾಕಬಹುದು. ಅಲ್ಲಿ ಇಲಾಖೆಗೆ ದೊಡ್ಡ ತೊಡಕು ಅಂದ್ರ ಆದೇಶದಾಗ ಬರೀದ ಕಾರಣನ ಆಮ್ಯಾಲ ಅಫಿಡವಿಟ್‌ನಾಗ ತುರಕೋಕ ಆಗಂಗಿಲ್ಲ, ಮೊಹಿಂದರ್ ಸಿಂಗ್ ಗಿಲ್ ಕೇಸು ಹೇಳಿದ್ದು ಅದು (ಎಲೆಕ್ಷನ್ ಕೇಸು ಅದು, ಆದ್ರ ಕಲ್ಲಿದ್ದಲಿಗೂ ಅದ ರೂಲು). ಗೆದ್ರ ಗಣಿ ಕೈಗೆ ಬಂತು ಅನ್ಕೋಬ್ಯಾಡ್ರಿ, ಸಾಮಾನ್ಯವಾಗಿ ಫೈಲು ವಾಪಸ್ ಇಲಾಖೆಗೆ, ಮತ್ತ ಮೊದಲಿಂದ ವಿಚಾರಣೆ, ಹಂಗಾಗಿ ವಕೀಲರು ಮೊದಲ ದಿನನೇ ಸ್ಟೇಗೆ (ತಡೆಯಾಜ್ಞೆಗೆ) ಬಡದಾಡ್ತಾರ.

ಗಣಿ ಪಕ್ಕದ ಊರಿನವ್ರೂ ಹೋಗಬಹುದು. ಪರಿಸರ ಅನುಮತಿ ಮ್ಯಾಲ ತಕರಾರಿದ್ರ ಹಸಿರು ನ್ಯಾಯಮಂಡಳಿಗೆ 30 ದಿನದಾಗ ಅಪೀಲು, ಸರಿಯಾದ ಕಾರಣ ಇದ್ರ ಇನ್ನೂ 60 ದಿನ ಸಿಗ್ತದ, ಅದು ದಾಟಿದ್ರ ಅಪೀಲು ತಗೊಳ್ಳಂಗಿಲ್ಲ.