ಸ್ತನ ಮರುನಿರ್ಮಾಣ: ಚಿಕಿತ್ಸೆಯ ಲೆಕ್ಕಕ್ಕೋ, ಚಂದದ ಲೆಕ್ಕಕ್ಕೋ?

ಕ್ಯಾನ್ಸರ್ ಬಂತು ಅಂತ ಸ್ತನ ತೆಗೆದರೆ ಅದು ಚಿಕಿತ್ಸೆ. ಅದರಲ್ಲಿ ಯಾರದ್ದೂ ತಕರಾರಿಲ್ಲ. ತೆಗೆದ ಜಾಗದಲ್ಲಿ ಮತ್ತೆ ಕಟ್ಟಿಕೊಟ್ಟರೆ? ಅದೂ ಚಿಕಿತ್ಸೆಯೇ, ಇಲ್ಲಾ ಚಂದಕ್ಕೆ ಮಾಡಿಸಿಕೊಂಡಿದ್ದೇ? ಆಕ್ಸಿಡೆಂಟಲ್ಲಿ ಮೂಗು ಹೋದವರಿಗೆ ಮೂಗು ಕಟ್ಟಿಕೊಟ್ಟರೆ ಯಾರೂ ಶೋಕಿ ಅನ್ನೋದಿಲ್ಲ ಅಲ್ವಾ? ಸ್ತನದ ವಿಷಯದಲ್ಲಿ ಮಾತ್ರ ಈ ಪ್ರಶ್ನೆ ನೂರು ವರ್ಷ ದಾಟಿದರೂ ಬಗೆಹರಿದಿಲ್ಲ. ಹೆಚ್ಚಿನ ಕಥೆ ನಡೆದದ್ದು ಅಮೆರಿಕದಲ್ಲಿ.

ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ಸ್ತನ, ಅದರಡಿಯ ಸ್ನಾಯು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಟ್ಟಿಗೆ ತೆಗೆಯೋದು. ಮುಂದೆ ಎಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಇದೇ ನಡೆಯಿತು. ಆ ಜಾಗದಲ್ಲಿ ಏನಾದರೂ ಕಟ್ಟಿದರೆ, ಮರಳಿ ಬಂದ ಗಡ್ಡೆ ಕೈಗೆ ಸಿಗದೆ ಹೋಗುತ್ತೆ ಅನ್ನೋ ಭಯ ಡಾಕ್ಟರುಗಳಿಗಿತ್ತು. ಇಟಲಿಯ ಇಗಿನಿಯೊ ತನ್ಸೀನಿ 1906ರಲ್ಲೇ ಬೆನ್ನಿನ ಸ್ನಾಯುವನ್ನು ಎದೆಗೆ ತಿರುಗಿಸಿ ತರುವ ವಿಧಾನ ತೋರಿಸಿದ್ದರು. ಅದು ಮೂಲೆಗೆ ಬಿತ್ತು. ಎಪ್ಪತ್ತರ ದಶಕದಲ್ಲಿ ಮತ್ತೆ ಹುಡುಕಿ ತೆಗೆದರು.

1962ರಲ್ಲಿ ಹ್ಯೂಸ್ಟನ್‌ನ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಮೊದಲ ಸಿಲಿಕೋನ್ ಇಂಪ್ಲಾಂಟ್, ಅಂದರೆ ಸ್ತನದ ಆಕಾರಕ್ಕಾಗಿ ಒಳಗಿಡುವ ಜೆಲ್ ತುಂಬಿದ ಚೀಲ, ಹಾಕಿದರು. ಆದರೆ ಕ್ಯಾನ್ಸರ್ ಸರ್ಜರಿ ಆದವರ ಎದೆಯಲ್ಲಿ ಅದನ್ನಿಡೋಕೆ ಚರ್ಮವೇ ಸಾಲುತ್ತಿರಲಿಲ್ಲ. ಚೆಡೊಮಿರ್ ರಾಡೊವನ್ ಅದಕ್ಕೊಂದು ದಾರಿ ಹುಡುಕಿದರು: ಎಕ್ಸ್‌ಪ್ಯಾಂಡರ್. ಖಾಲಿ ಬಲೂನಿನಂಥ ಚೀಲವನ್ನು ಒಳಗಿಟ್ಟು ಹೊಲಿಗೆ ಹಾಕುತ್ತಾರೆ. ಆಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸೂಜಿ ಚುಚ್ಚಿ ಸ್ವಲ್ಪ ಸ್ವಲ್ಪವೇ ಸಲೈನ್ ತುಂಬುತ್ತಾರೆ. ತುಂಬಿದಾಗೆಲ್ಲ ಎದೆ ಬಿಗಿಯುತ್ತೆ, ರಾತ್ರಿ ಮಗ್ಗುಲು ಬದಲಿಸೋದೂ ಕಷ್ಟ. ಚರ್ಮ ಬೇಕಾದಷ್ಟು ಹಿಗ್ಗಿದ ಮೇಲೆ ಚೀಲ ತೆಗೆದು ಇಂಪ್ಲಾಂಟ್ ಇಡುತ್ತಾರೆ. ಇಷ್ಟನ್ನು ಸಹಿಸಿಕೊಳ್ಳೋದಕ್ಕೆ ಅಲಂಕಾರ ಅಂತ ಹೆಸರಿಡೋದು ಹೇಗೋ, ನನಗಂತೂ ಗೊತ್ತಾಗೋದಿಲ್ಲ.

ಕಥೆ ಜಾಸ್ತಿ ಸಿಕ್ಕಾಗಿದ್ದು 1992ರಲ್ಲಿ. ಸಿಲಿಕೋನ್ ಸೋರಿ ಬೇರೆ ಕಾಯಿಲೆ ಬರುತ್ತೆ ಅನ್ನೋ ದೂರುಗಳು ಹೆಚ್ಚಾದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜನವರಿಯಲ್ಲಿ ಸಿಲಿಕೋನ್ ಇಂಪ್ಲಾಂಟ್‌ಗೆ ತಡೆ ಹಾಕಿತು. ಏಪ್ರಿಲ್‌ನಲ್ಲಿ ಬಾಗಿಲು ಅರ್ಧ ತೆರೆಯಿತು. ಕ್ಯಾನ್ಸರ್ ಆದವರಿಗೆ ಸಿಗುತ್ತೆ, ಅದೂ ನಿಗಾ ಇಟ್ಟು. ಬರೀ ದಪ್ಪ ಮಾಡಿಸಿಕೊಳ್ಳೋರಿಗೆ ಇಲ್ಲ. ಅಂದರೆ ಸರ್ಕಾರವೇ ಗೆರೆ ಎಳೆದು ಹೇಳಿತು: ಇದು ಅಗತ್ಯ, ಅದು ಆಸೆ. ವಿಚಿತ್ರ ಅಂದರೆ, ಅದೇ ಹೊತ್ತಿಗೆ ಹಲವು ವಿಮಾ ಕಂಪನಿಗಳು ಕ್ಯಾನ್ಸರ್ ರೋಗಿಗಳ ಮರುನಿರ್ಮಾಣವನ್ನೂ ಕಾಸ್ಮೆಟಿಕ್ ಪಟ್ಟಿಗೇ ಸೇರಿಸಿ ದುಡ್ಡು ಕೊಡೋಕೆ ಒಪ್ಪುತ್ತಿರಲಿಲ್ಲ. ಇತ್ತ ಕೋರ್ಟುಗಳಲ್ಲಿ ಸಾವಿರಾರು ಕೇಸು ಬಿದ್ದು, ಇಂಪ್ಲಾಂಟ್ ತಯಾರಕ ಡೌ ಕಾರ್ನಿಂಗ್ 1995ರಲ್ಲಿ ದಿವಾಳಿ ಅರ್ಜಿ ಹಾಕಿತು. 1999ರಲ್ಲಿ ತಜ್ಞರ ಸಮಿತಿಯೊಂದು, ಸಿಲಿಕೋನ್‌ನಿಂದ ಮೈಯೆಲ್ಲ ಹರಡುವ ಕಾಯಿಲೆ ಬರುತ್ತೆ ಅನ್ನೋದಕ್ಕೆ ಸರಿಯಾದ ಆಧಾರ ಸಿಗಲಿಲ್ಲ ಅಂತ ವರದಿ ಕೊಟ್ಟಿತು. 2006ರಲ್ಲಿ ಮತ್ತೆ ಅನುಮತಿ ಸಿಕ್ಕಿತು, ಬರೀ ದಪ್ಪ ಮಾಡಿಸಿಕೊಳ್ಳೋದಕ್ಕೆ ಮಾತ್ರ 22 ವರ್ಷ ಆಗಿರಬೇಕಿತ್ತು.

ದುಡ್ಡಿನ ತಕರಾರಿಗೆ ಉತ್ತರವಾಗಿ ಬಂದದ್ದು 1998ರ ಅಕ್ಟೋಬರ್‌ನ ಕಾನೂನು. ಸ್ತನ ತೆಗೆಯೋದಕ್ಕೆ ದುಡ್ಡು ಕೊಡುವ ವಿಮೆ ಕಟ್ಟಿಕೊಡೋದಕ್ಕೂ ಕೊಡಬೇಕು. ಎರಡೂ ಕಡೆ ಸಮ ಕಾಣಲಿ ಅಂತ ಇನ್ನೊಂದು ಸ್ತನಕ್ಕೆ ಮಾಡುವ ಸರ್ಜರಿ, ಬ್ರಾ ಒಳಗಿಡುವ ಕೃತಕ ಸ್ತನ, ಕೈ ಊತದ ಚಿಕಿತ್ಸೆ, ಎಲ್ಲವೂ ಅದರಲ್ಲಿದೆ. ಆದರೆ ಯಾವ ವಿಧಾನದಿಂದ ಕಟ್ಟಬೇಕು ಅನ್ನೋದನ್ನು ಕಾನೂನು ಹೇಳಲಿಲ್ಲ. ಜಗಳ ಮತ್ತೆ ಎದ್ದಿದ್ದು ಅಲ್ಲಿಂದಲೇ.

ತೊಂಬತ್ತರ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ನ ರಾಬರ್ಟ್ ಅಲೆನ್ ಡಿಐಇಪಿ ಅನ್ನೋ ವಿಧಾನವನ್ನು ಸ್ತನಕ್ಕೆ ಬಳಸಿದರು. ಕಿಬ್ಬೊಟ್ಟೆಯ ಚರ್ಮ, ಕೊಬ್ಬನ್ನು ಮಾತ್ರ ತೆಗೆದು, ಸ್ನಾಯು ಬಿಟ್ಟು, ಎರಡು ಮೂರು ಮಿಲಿಮೀಟರ್ ದಪ್ಪದ ರಕ್ತನಾಳಗಳನ್ನು ಮೈಕ್ರೋಸ್ಕೋಪ್ ಕೆಳಗೆ ಹೊಲಿಯೋ ಕೆಲಸ. ಹಲವು ಗಂಟೆ ಹಿಡಿಯುತ್ತೆ. ಆಮೇಲೂ ರಕ್ತ ಹರೀತಿದೆಯಾ ಅಂತ ನರ್ಸ್ ರಾತ್ರಿಯಿಡೀ ಮತ್ತೆ ಮತ್ತೆ ಬಂದು ನೋಡಬೇಕು. ವಿಮೆಯಿಂದ ದುಡ್ಡು ಕೇಳೋಕೆ ಇದಕ್ಕೆ ಪ್ರತ್ಯೇಕ ಬಿಲ್ಲಿಂಗ್ ಕೋಡ್ ಇತ್ತು. ಅದನ್ನು 2024ರ ಕೊನೆಯ ಹೊತ್ತಿಗೆ ತೆಗೆದು ಸಾಮಾನ್ಯ ಕೋಡಿಗೆ ಸೇರಿಸಬೇಕು ಅಂತ ಅಮೆರಿಕ ಸರ್ಕಾರದ ಆರೋಗ್ಯ ವಿಮಾ ಸಂಸ್ಥೆ ಮೊದಲೇ ತೀರ್ಮಾನ ಮಾಡಿತ್ತು. ಕೈಗೆ ಬರೋ ದುಡ್ಡು ಕಮ್ಮಿ ಆದರೆ ಈ ಸರ್ಜರಿ ಮಾಡೋರೇ ಸಿಗೋದಿಲ್ಲ ಅಂತ ಡಾಕ್ಟರುಗಳು, ರೋಗಿಗಳು ಗಲಾಟೆ ಮಾಡಿದರು. ಆ ಗಡುವು ಬರೋಕೆ ಮುಂಚೆಯೇ, 2023ರ ಆಗಸ್ಟ್‌ನಲ್ಲಿ, ತೀರ್ಮಾನ ವಾಪಸ್ ಆಯ್ತು.

ಅಷ್ಟರಲ್ಲಿ ಇಂಪ್ಲಾಂಟ್ ಮೇಲೆ ಹೊಸ ಅನುಮಾನ. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳ ಸುತ್ತ ಅಪರೂಪದ ಒಂದು ಲಿಂಫೋಮಾ (ರೋಗನಿರೋಧಕ ಕಣಗಳ ಕ್ಯಾನ್ಸರ್) ಬರೋದು ಗೊತ್ತಾಗಿ, 2019ರಲ್ಲಿ ಅಲರ್ಗನ್ ಕಂಪನಿ ಎಫ್‌ಡಿಎ ಕೋರಿಕೆಯ ಮೇರೆಗೆ ಬಯೋಸೆಲ್ ಮಾದರಿಗಳನ್ನು ವಾಪಸ್ ತೆಗೆದುಕೊಂಡಿತು. ಏನೂ ಕಟ್ಟಿಸಿಕೊಳ್ಳದೆ ಚಪ್ಪಟೆಯಾಗೇ ಇರ್ತೀವಿ ಅನ್ನೋ ಹೆಂಗಸರ ದನಿಯೂ ಜೋರಾಗಿದೆ. ಮಡಿಕೆ ಬೀಳದ ಹಾಗೆ ನೀಟಾಗಿ ಹೊಲಿದು ಕೊಡಿ, ಸಾಕು ಅಂತಾರೆ ಅವರು. ಸುಮ್ನೆ ಬಿಟ್ಟುಬಿಡಿ ಅಂತ ಕೇಳೋಕೂ ವಾದ ಮಾಡಬೇಕಾಗಿ ಬಂದದ್ದು ಆಶ್ಚರ್ಯವೇ.

ನಮ್ಮಲ್ಲಿ ಮಾತು ಇಷ್ಟು ದೂರ ಬರೋದೇ ಕಮ್ಮಿ. ಗಡ್ಡೆ ದೊಡ್ಡದಾದ ಮೇಲೆ ಆಸ್ಪತ್ರೆಗೆ ಬರೋರು ಜಾಸ್ತಿ. ಅವರಿಗೆ ರೇಡಿಯೇಶನ್ ಬೇಕಾಗುತ್ತೆ. ರೇಡಿಯೇಶನ್ ಆದ ಜಾಗದಲ್ಲಿ ಇಂಪ್ಲಾಂಟ್ ಸುತ್ತಲಿನ ಭಾಗ ಗಟ್ಟಿಯಾಗೋ ಸಾಧ್ಯತೆ ಹೆಚ್ಚು, ಹಾಗಾಗಿ ಆಮೇಲೆ ನೋಡೋಣ ಅಂತಾರೆ. ಆ ಆಮೇಲೆ ಎಷ್ಟೋ ಜನರಿಗೆ ಬರೋದೇ ಇಲ್ಲ. ಬ್ರಾ ಒಳಗೆ ಹತ್ತಿಯೋ ಮಡಿಸಿದ ಬಟ್ಟೆಯೋ ಇಟ್ಟುಕೊಂಡು, ಸೆರಗು ಎಳೆದುಕೊಂಡು ದಿನ ದೂಡುತ್ತಾರೆ.

ಕಾಗದದ ಮೇಲೆ ಮಾತ್ರ ಒಂದು ಬದಲಾವಣೆ ಆಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ, ವಿಮೆಗೆ ಒಳಪಡದ ಖರ್ಚುಗಳಿಗೆ ಒಂದೇ ಥರದ ಒಕ್ಕಣೆ ಗೊತ್ತು ಮಾಡಿತು. ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಗೆ ದುಡ್ಡಿಲ್ಲ, ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುನಿರ್ಮಾಣಕ್ಕೆ ಈ ಅಡ್ಡಿಯಿಲ್ಲ ಅಂತ ಅದರಲ್ಲಿದೆ. ಪಾಲಿಸಿಯಲ್ಲಿ ‘ಎಕ್ಸ್‌ಕ್ಲೂಶನ್ 08’ (Excl08) ಅನ್ನೋ ಕಡೆ ನೋಡಬಹುದು. ಇನ್ನೊಂದು ಸ್ತನವನ್ನು ಸಮ ಮಾಡುವ ಸರ್ಜರಿ ಬಗ್ಗೆ ಆ ಸಾಲು ಏನೂ ಹೇಳೋದಿಲ್ಲ. ಹಾಗಾಗಿ ಅಡ್ಮಿಟ್ ಆಗೋಕೆ ಮುಂಚೆಯೇ ಎರಡೂ ಕಡೆಯ ಕೆಲಸವನ್ನು ಡಾಕ್ಟರ್ ಹತ್ತಿರ ಬರೆಸಿಕೊಂಡು, ಕಂಪನಿಯ ಒಪ್ಪಿಗೆಯನ್ನು ಬರಹದಲ್ಲೇ ಪಡೆಯೋದು ಒಳ್ಳೇದು.