ದತ್ತು ಪಡೆಯುವವರಿಗೆ ಯಾರ ಸಹವಾಸ ಬೇಕು?

ದೇಶದ ದತ್ತು ವ್ಯವಸ್ಥೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರವಾದ ಕಾರಾದ (CARA) ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಸಮಾಜ ಕಾರ್ಯಕರ್ತರು ಮನೆಗೆ ಬಂದು ಕುಟುಂಬವನ್ನು ಅರಿತು ವರದಿ ಬರೆಯುವ ಹೋಮ್ ಸ್ಟಡಿ ಮುಗಿಯಿತು ಅಂದರೆ, ದಂಪತಿ ಮುಂದೆ ಹುಡುಕುವುದು ತಮ್ಮ ಹಾಗೆಯೇ ಕಾಯುತ್ತಿರುವ ಜನರನ್ನು. ಸಹಜವೇ. ಹೋಮ್ ಸ್ಟಡಿಗೆಂದು ಮನೆಮನೆಗೆ ಹೋಗುವ ಸಮಾಜ ಕಾರ್ಯಕರ್ತೆಯಾಗಿ ನಾನು ಅದನ್ನು ಬೇಡ ಅನ್ನುವುದಿಲ್ಲ. ಆದರೆ ಹೋದಲ್ಲೆಲ್ಲ ಇನ್ನೊಂದು ಮಾತು ಸೇರಿಸುತ್ತೇನೆ: ಮಗು ಮನೆಗೆ ಬಂದು ನಾಲ್ಕೈದು ವರ್ಷವಾಗಿರುವ ಒಂದು ಕುಟುಂಬವನ್ನಾದರೂ ಈಗಲೇ ಪರಿಚಯ ಮಾಡಿಕೊಳ್ಳಿ. ಮಗು ಬಂದ ಮೇಲಲ್ಲ, ಈಗಲೇ.

ಜೊತೆಗೆ ಕಾಯುವವರಿಂದ ಸಿಗುವ ಸಮಾಧಾನ ಬಹಳ ದಿನ ಬಾಳುವುದಿಲ್ಲ. 2024–25ರಲ್ಲಿ ಇಡೀ ದೇಶದಲ್ಲಿ ಕಾರಾ ಮೂಲಕ ದತ್ತು ಹೋದ ಮಕ್ಕಳು 4,515. ದತ್ತಿಗಾಗಿ ಕಾಯುತ್ತಿರುವವರು ಮೂವತ್ತು ಸಾವಿರಕ್ಕೂ ಹೆಚ್ಚು. ಎರಡು ವರ್ಷದೊಳಗಿನ ಆರೋಗ್ಯವಂತ ಕೂಸೇ ಬೇಕು ಅಂದವರು ಮೂರು ವರ್ಷಕ್ಕೂ ಮೀರಿ ಕಾಯುವುದು ಈಗ ಮಾಮೂಲಿ. ಸರದಿ ನಡೆಯುವುದು ಸೀನಿಯಾರಿಟಿ ಮೇಲೆ. ಯಾರ ಪ್ರಭಾವವೂ ನಡೆಯುವುದಿಲ್ಲ. ಹೀಗಿರುವಾಗ ದಿನಾ ಬೆಳಗ್ಗೆ ‘ನಿಮ್ಮ ನಂಬರ್ ಎಷ್ಟಕ್ಕೆ ಬಂತು?’ ಎಂದು ಕೇಳಿಕೊಳ್ಳುವ ಹತ್ತು ಮನೆಯವರು ಒಬ್ಬರ ಕಳವಳವನ್ನು ಇನ್ನೊಬ್ಬರಿಗೆ ಅಂಟಿಸುತ್ತಾರೆ, ಅಷ್ಟೆ. ಇಂಥ ಕಡೆಯೇ ದಲ್ಲಾಳಿಯೂ ಬಂದು ಸೇರಿಕೊಳ್ಳುತ್ತಾನೆ. ‘ನೇರವಾಗಿ ಆಸ್ಪತ್ರೆಯಿಂದಲೇ ಮಗು ಕೊಡಿಸ್ತೀನಿ’ ಎನ್ನುವವನ ಮಾತು ಕೇಳಿದರೆ ಅದು ದತ್ತು ಅಲ್ಲ, ಮಗುವಿನ ವ್ಯಾಪಾರ. ಬಾಲನ್ಯಾಯ ಕಾಯ್ದೆಯ 81ನೇ ಸೆಕ್ಷನ್ ಪ್ರಕಾರ ಮಾರಿದವರಷ್ಟೇ ಅಲ್ಲ, ಕೊಂಡವರೂ ಅಪರಾಧಿಗಳು. ಐದು ವರ್ಷದವರೆಗೆ ಜೈಲು.

ಆಮೇಲೆ ಒಂದು ದಿನ ರೆಫರಲ್, ಅಂದರೆ ನಿಮಗೆಂದು ಸೂಚಿಸಿದ ಮಗುವಿನ ವಿವರ ಬರುತ್ತದೆ. ಮಗುವಿನ ಫೋಟೊ, ವೈದ್ಯಕೀಯ ವರದಿ, ಮಗುವಿನ ಅಧ್ಯಯನ ವರದಿ. ಕಾಯ್ದಿರಿಸಲು 48 ಗಂಟೆ ಸಮಯ. ವರದಿಯಲ್ಲಿ ‘ಪ್ರೀಟರ್ಮ್’ (ಅವಧಿಗೆ ಮೊದಲೇ ಹುಟ್ಟಿದ್ದು), ‘ಲೋ ಬರ್ತ್ ವೇಟ್’ (ಹುಟ್ಟಿದಾಗ ತೂಕ ಕಡಿಮೆ) ಎಂದೇನಾದರೂ ಇದ್ದರೆ ಎದೆ ಧಸಕ್ಕೆನ್ನುತ್ತದೆ. ಆಗ ಕೈ ತಾನಾಗಿಯೇ ಮೊಬೈಲಿಗೆ ಹೋಗುತ್ತದೆ, ಆ ವರದಿ ಜೊತೆಗೆ ಕಾಯುವವರ ಮೊಬೈಲ್ ಗುಂಪಿಗೆ ಹೋಗುತ್ತದೆ: ‘ಹೇಗಿದೆ ನೋಡಿ ಹೇಳಿ.’ ದಯವಿಟ್ಟು ಹಾಗೆ ಮಾಡಬೇಡಿ. ಇನ್ನೂ ನಿಮ್ಮದಾಗದ ಮಗುವಿನ ಆರೋಗ್ಯ, ಅದು ಸಿಕ್ಕಿದ ಪರಿಸ್ಥಿತಿ, ಮುಖ, ಎಲ್ಲವೂ ಇನ್ನೂರು ಜನರ ಫೋನಿನಲ್ಲಿ ಕೂತುಬಿಡುತ್ತವೆ. ನೀವು ಬೇಡ ಅಂದರೆ ಅದೇ ಮಗುವನ್ನು ಕರೆದೊಯ್ಯುವವರು ಆ ಇನ್ನೂರರಲ್ಲೇ ಇರಬಹುದು. ಇಂಥ ಮಕ್ಕಳ ಗುರುತು ಬಯಲಾಗಬಾರದು ಎಂದೇ ಅದೇ ಕಾಯ್ದೆಯ 74ನೇ ಸೆಕ್ಷನ್ ಇರುವುದು. ವರದಿಯನ್ನು ನಿಮಗೆ ನಂಬಿಕೆಯಿರುವ ಮಕ್ಕಳ ವೈದ್ಯರಿಗೆ ತೋರಿಸಲು ನಿಯಮದಲ್ಲೇ ಅವಕಾಶವಿದೆ. ಅನುಭವವಿರುವ ಕುಟುಂಬ ವರದಿಯನ್ನು ಓದಿ ತೀರ್ಪು ಕೊಡುವುದಿಲ್ಲ. ತಾವು ಆ ಎರಡು ದಿನ ಯಾವ ವೈದ್ಯರ ಹತ್ತಿರ ಹೋದೆವು, ಏನೇನು ಕೇಳಿದೆವು ಎಂದು ಹೇಳುತ್ತದೆ. ಬೇಕಾಗಿರುವುದು ಅಷ್ಟೇ.

ನಿಜವಾದ ಅಗತ್ಯ ಶುರುವಾಗುವುದು ಮಗು ಮನೆಗೆ ಬಂದ ಮೇಲೆ. ಇಲ್ಲಿ ನನ್ನ ವೃತ್ತಿಯ ಒಂದು ಮಿತಿಯನ್ನು ಹೇಳಿಯೇಬಿಡಬೇಕು. ಮಗು ಮನೆಗೆ ಬಂದ ದಿನದಿಂದ ಎರಡು ವರ್ಷದ ತನಕ ಆರು ತಿಂಗಳಿಗೊಮ್ಮೆ ನಾವು ಮನೆಗೆ ಹೋಗಿ ವರದಿ ಬರೆಯುತ್ತೇವೆ. ಆ ದಿನ ಮನೆ ಒಪ್ಪವಾಗಿರುತ್ತದೆ, ಮಗುವಿಗೆ ಹೊಸ ಬಟ್ಟೆ, ನಮಗೆ ಕೇಸರಿಬಾತು. ‘ಎಲ್ಲಾ ಚೆನ್ನಾಗಿದೆ ಮೇಡಂ.’ ವರದಿ ಬರೆಯುವವಳ ಮುಂದೆ ಯಾವ ತಾಯಿ ತಾನೇ ‘ಇವನು ನನ್ನ ಮಗ ಅಂತ ಇನ್ನೂ ಅನ್ನಿಸ್ತಿಲ್ಲ’ ಅಂತಾಳೆ? ಆದರೆ ಆ ಭಾವನೆ ಎಷ್ಟೋ ತಾಯಂದಿರಿಗೆ ಬರುತ್ತದೆ, ತಂದೆಯರಿಗೂ. ವರ್ಷಗಟ್ಟಲೆ ಕಾದು ಪಡೆದ ಮಗುವಿನ ಮುಂದೆ ಕೂತು ಸುಮ್ಮನೆ ಅಳು ಬರುತ್ತದೆ. ಅದನ್ನು ಅತ್ತೆಗೆ ಹೇಳುವಂತಿಲ್ಲ, ‘ನೀವೇ ಬೇಕು ಅಂದಿರಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೇಳಲಿಕ್ಕೆ ಇರುವುದು ಒಂದೇ ಜಾಗ: ಅದನ್ನು ತಾನೂ ಅನುಭವಿಸಿ ದಾಟಿದ ಇನ್ನೊಬ್ಬ ತಾಯಿ. ‘ನನಗೂ ಆಗಿತ್ತು, ಎಂಟು ತಿಂಗಳು ಹಿಡೀತು’ ಎಂದು ಅವಳು ಹೇಳುವ ಮಾತಿಗೆ ಇರುವ ತೂಕ ನನ್ನ ಪದವಿಗಿಲ್ಲ.

ಮಕ್ಕಳ ನಡವಳಿಕೆಯ ವಿಷಯವೂ ಹಾಗೆಯೇ. ದತ್ತು ಸಂಸ್ಥೆಯಿಂದ ಬಂದ ಕೂಸು ಕೆಲವೊಮ್ಮೆ ಅಳುವುದೇ ಇಲ್ಲ. ಅಜ್ಜಿ ‘ಎಷ್ಟು ಜಾಣ ಮಗು, ರಚ್ಚೆನೇ ಇಲ್ಲ’ ಎಂದು ನೆಂಟರಿಗೆಲ್ಲ ಹೇಳಿಕೊಳ್ಳುತ್ತಾರೆ. ಅತ್ತರೆ ಯಾರೂ ಬರುವುದಿಲ್ಲ ಎಂದು ಕಲಿತ ಮಗುವೂ ಅಳುವುದಿಲ್ಲ ಎಂಬುದು ಅನುಭವವಿದ್ದವರಿಗೆ ಗೊತ್ತು. ಕೆಲವು ತಿಂಗಳ ಮೇಲೆ ಅದು ರಾತ್ರಿಯೆಲ್ಲ ಅಳಲು ಶುರುಮಾಡಿದಾಗ, ‘ಒಳ್ಳೆಯದಾಯ್ತು, ನಿಮ್ಮನ್ನು ನಂಬಿದೆ’ ಎನ್ನುವವರು ಅವರೇ. ಆರು ವರ್ಷದ ಹುಡುಗಿ ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾಳೆ. ಬೈದರೆ ಇನ್ನೂ ಹೆಚ್ಚು ಬಚ್ಚಿಡುತ್ತಾಳೆ. ಮಂಚದ ಪಕ್ಕ ಅವಳದೇ ಒಂದು ಡಬ್ಬಿ ಇಟ್ಟು ಬಿಸ್ಕತ್ತು ತುಂಬಿ, ಅದು ಎಂದೂ ಖಾಲಿಯಾಗದಂತೆ ನೋಡಿಕೊಳ್ಳುವ ಉಪಾಯ ಒಂದು ಮನೆಯಿಂದ ಇನ್ನೊಂದು ಮನೆಗೆ ಹೀಗೆಯೇ ದಾಟಿದ್ದು. ಆಯಾಗಳ ನಡುವೆಯೇ ಬೆಳೆದ ಮಕ್ಕಳಲ್ಲಿ ಕೆಲವರು ಅಪ್ಪನನ್ನು ಕಂಡರೆ ಹೆದರುತ್ತಾರೆ. ಗಂಡಸರನ್ನು ಅಷ್ಟು ಹತ್ತಿರದಿಂದ ನೋಡಿಯೇ ಇರುವುದಿಲ್ಲ. ಮುನಿಸಿಕೊಂಡ ಅಪ್ಪನಿಗೆ ಇದನ್ನು ಇನ್ನೊಬ್ಬ ಅಪ್ಪ ಹೇಳಿದರೆ ಮನಸ್ಸಿಗೆ ಇಳಿಯುತ್ತದೆ. (ಸಭೆಗಳಲ್ಲಿ ಗಂಡಸರು ಚಹಾ ಮೇಜಿನ ಹತ್ತಿರವೇ ನಿಂತಿರುತ್ತಾರೆ; ಅಲ್ಲಿ ನಡೆಯುವ ಮಾತುಕತೆಯನ್ನು ಕಡೆಗಣಿಸಬೇಡಿ.)

ಭಾಷೆ ಇನ್ನೊಂದು. ದಾವಣಗೆರೆಯ ದಂಪತಿಗೆ ಒಡಿಶಾದ ಮಗು, ಹುಬ್ಬಳ್ಳಿಯವರಿಗೆ ಬಿಹಾರದ ಮಗು ಸಿಗಬಹುದು. ನಾಲ್ಕು ವರ್ಷದ ಮಗು ಕನ್ನಡ ಬೇಗ ಕಲಿಯುತ್ತದೆ, ಆದರೆ ಮೊದಲ ವಾರ ‘ಹೊಟ್ಟೆ ನೋವು’, ‘ಹೆದರಿಕೆ’, ‘ಒಂದಕ್ಕೆ’ ಎನ್ನಲು ಅದರ ಹತ್ತಿರ ಇರುವುದು ಅದರ ಭಾಷೆ ಮಾತ್ರ. ಮಗುವನ್ನು ಕರೆತರಲು ಹೊರಡುವ ಮೊದಲೇ ಇಂಥ ಮಾತುಗಳ ಪಟ್ಟಿ ಮಾಡಿಕೊಂಡವರು ಅದನ್ನು ಖುಷಿಯಿಂದ ಕೊಡುತ್ತಾರೆ.

ನೆಂಟರಿಷ್ಟರ ಪ್ರಶ್ನೆಗಳಿಗೆ ಉತ್ತರವೂ ಹೀಗೇ ಕೈಬದಲಾಗುತ್ತದೆ. ‘ಯಾವ ಜಾತಿಯದೋ?’, ‘ಜಾತಕ ಹೇಗೆ ಬರೆಸ್ತೀರಿ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಹುಟ್ಟಿದ ಗಳಿಗೆ ಗೊತ್ತಿಲ್ಲದಿದ್ದರೆ ಮನೆಗೆ ಬಂದ ದಿನವನ್ನೇ ಹಿಡಿದು ನಾಮಕರಣ ಮಾಡಿದ ಮನೆಗಳಿವೆ, ಅದಕ್ಕೆ ಒಪ್ಪಿದ ಪುರೋಹಿತರೂ ಇದ್ದಾರೆ. ಅವರ ಪರಿಚಯ ನನ್ನ ಕಡತದಲ್ಲಿರುವುದಿಲ್ಲ, ಕುಟುಂಬಗಳ ಹತ್ತಿರ ಇರುತ್ತದೆ.

ಇಂಥ ಕುಟುಂಬವನ್ನು ಹುಡುಕುವುದು ಎಲ್ಲಿ? ಬೆಂಗಳೂರಿನಲ್ಲಿ ದತ್ತು ಕುಟುಂಬಗಳದೇ ಆದ ‘ಸುದತ್ತ’ದಂಥ ಬಳಗವಿದೆ. ಕಾರವಾರ, ಯಾದಗಿರಿಯ ಕಡೆ ಅಷ್ಟು ಸುಲಭವಲ್ಲ. ನಿಮ್ಮ ಹೋಮ್ ಸ್ಟಡಿ ಮಾಡಿದವರನ್ನೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನೋ ಕೇಳಿ. ನಾವು ಯಾರ ಹೆಸರನ್ನೂ ಹಾಗೇ ಕೊಡುವುದಿಲ್ಲ. ಆ ಕುಟುಂಬವನ್ನು ಕೇಳಿ, ಅವರು ಒಪ್ಪಿದರೆ ಮಾತ್ರ. ಒಂಟಿಯಾಗಿ ದತ್ತು ಪಡೆಯುವ ಮಹಿಳೆ ಇನ್ನೊಬ್ಬ ಒಂಟಿ ತಾಯಿಯನ್ನೇ ಕೇಳಲಿ, ದೊಡ್ಡ ಮಗುವನ್ನು ತರುವವರು ದೊಡ್ಡ ಮಗು ತಂದವರನ್ನು. ‘ನಮ್ಮ ಮನೆಯಲ್ಲಿ ಒಂದು ದಿನವೂ ತೊಂದರೆಯಾಗಲಿಲ್ಲ’ ಎನ್ನುವ ಕುಟುಂಬಕ್ಕೆ ನಮಸ್ಕಾರ ಹೇಳಿ ಮುಂದಿನವರನ್ನು ನೋಡಿ.

ಗೆಳೆತನ ಸಾಲದ ಸಂದರ್ಭಗಳೂ ಇವೆ. ಮಗು ತನಗೆ ತಾನೇ ನೋವು ಮಾಡಿಕೊಳ್ಳುತ್ತಿದ್ದರೆ, ತಾಯಿ ವಾರಗಟ್ಟಲೆ ನಿದ್ದೆ ಮಾಡದಿದ್ದರೆ, ‘ವಾಪಸ್ ಬಿಟ್ಟುಬಿಡೋಣ’ ಎಂಬ ಮಾತು ಮನೆಯಲ್ಲಿ ಎರಡನೇ ಸಲ ಬಂದರೆ ನಮಗೆ ಫೋನ್ ಮಾಡಿ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ವರದಿಯಲ್ಲಿ ಏನು ಬರೆಯುತ್ತೇವೋ ಎಂದು ಹೆದರಬೇಡಿ. ಸಹಾಯ ಕೇಳಿದ ಕುಟುಂಬ ಎಂದೇ ಬರೆಯುತ್ತೇವೆ.

ಈ ಒಡನಾಟದ ದೊಡ್ಡ ಲಾಭ ಕೊನೆಗೆ ಮಕ್ಕಳಿಗೆ. ಶಾಲೆಯಲ್ಲಿ ವಂಶವೃಕ್ಷ ಬರೆಯಲು ಹೇಳಿದಾಗ, ತನ್ನಂತೆಯೇ ದತ್ತು ಬಂದ ಒಬ್ಬ ಗೆಳತಿ ಇದ್ದರೆ ಅದು ವಿಚಿತ್ರ ಅನ್ನಿಸುವುದಿಲ್ಲ. ಹನ್ನೆರಡು ಹದಿಮೂರಕ್ಕೆ ಬಂದ ಮಕ್ಕಳು ಬಹಳ ಸಲ ‘ನಾನು ಆ ಗೆಟ್‌ಟುಗೆದರ್‌ಗೆ ಬರಲ್ಲ’ ಅನ್ನುತ್ತಾರೆ. ಬಿಡಿ, ಎಳೆದೊಯ್ಯಬೇಡಿ. ಹದಿನೆಂಟು ದಾಟಿದ ಮೇಲೆ ತಮ್ಮ ಮೂಲ ತಿಳಿಯಬೇಕು ಎನ್ನುವವರಿಗೆ ದತ್ತು ನಿಯಮಗಳಲ್ಲಿ ದಾರಿಯಿದೆ. ಹೆತ್ತ ತಾಯಿಯ ಗೋಪ್ಯತೆಯನ್ನು ಕಾಪಾಡಿಕೊಂಡೇ ಅದು ನಡೆಯುತ್ತದೆ. ಆಗ ಅವರಲ್ಲಿ ಕೆಲವರು ಚಿಕ್ಕಂದಿನ ಆ ಗೆಳೆಯರಿಗೇ ಮೊದಲು ಫೋನ್ ಮಾಡುತ್ತಾರೆ, ಅಪ್ಪ ಅಮ್ಮನಿಗಲ್ಲ. ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕೆಲಸವೆಂದರೆ, ದತ್ತು ಆದೇಶ, ಮಗುವಿನ ಅಧ್ಯಯನ ವರದಿ, ಸಂಸ್ಥೆ ಕೊಟ್ಟ ಮೊದಲ ಫೋಟೊ ಇವನ್ನೆಲ್ಲ ಒಂದೇ ಫೈಲಿನಲ್ಲಿಟ್ಟು, ಅದು ಯಾವ ಬೀರುವಿನಲ್ಲಿದೆ ಎಂದು ಮಗುವಿಗೆ ಹೇಳಿರುವುದು.